ಮರವಿದ್ದೂ ಮಣ್ಣು ಕೊಚ್ಚಿಹೋಗುವುದೇಕೆ? ಇಳಿಜಾರಿನ ನೀಲಗಿರಿ ತೋಪಿನ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿರುವ ನಿವೃತ್ತ ಶಿಕ್ಷಕ. ಸೋಲೂರಿನ ಸಮೀಪ ನಮಗೆ ಐದು ಎಕರೆ ಇಳಿಜಾರು ಜಮೀನಿದೆ. ನಮ್ಮ ತಂದೆಯವರು 1988ರ ಸುಮಾರಿಗೆ ಅದರಲ್ಲಿ ನೀಲಗಿರಿ ಹಾಕಿಸಿದರು. ಏಳೆಂಟು ವರ್ಷಕ್ಕೊಮ್ಮೆ ಕಡಿಸುತ್ತ, ಬೊಡ್ಡೆಯಿಂದ ಚಿಗುರಿದ್ದನ್ನೇ ಮತ್ತೆ ಬೆಳೆಯಲು ಬಿಡುತ್ತ ಬಂದಿದ್ದೇವೆ. ಈಗ ಬೊಡ್ಡೆಗಳ ಬುಡದಲ್ಲಿ ಮೂರು ಬೆರಳಿನಷ್ಟು ಬೇರು ಹೊರಗೆ ಕಾಣುತ್ತಿದೆ, ನೆಲದ ಮೇಲೆಲ್ಲ ನೊರಜುಗಲ್ಲು ಎದ್ದಿದೆ, ಗಾಡಿದಾರಿ ಮೊಣಕಾಲುದ್ದದ ಕೊರಕಲಾಗಿದೆ. ಕೆಳಗಿನ ಅಡಿಕೆ ತೋಟದವರು ಪ್ರತಿ ದೊಡ್ಡ ಮಳೆಯ ಮರುದಿನ, ನಿಮ್ಮ ಮಣ್ಣು ನಮ್ಮ ಕಾಲುವೆ ತುಂಬಿದೆ ಎಂದು ಫೋನ್ ಮಾಡುತ್ತಾರೆ. ಈ ಸಲ ಮರ ಕೊಳ್ಳಲು ಬಂದ ಗುತ್ತಿಗೆದಾರರು ಜೆಸಿಬಿಯಿಂದ ಬೊಡ್ಡೆಗಳನ್ನೂ ಕೀಳಿಸಿ, ಉಳಿದ ಸೊಪ್ಪುಸದೆಗೆ ಬೆಂಕಿ ಕೊಟ್ಟು, ಏಪ್ರಿಲ್ ಕೊನೆಯೊಳಗೆ ನೆಲವನ್ನು ಚೊಕ್ಕಟ ಮಾಡಿಕೊಡುವುದಾಗಿ ಹೇಳುತ್ತಾರೆ. ಬೊಡ್ಡೆಗೆ ಬೇರೆ ಹಣವನ್ನೂ ಕೊಡುತ್ತಾರಂತೆ. ಮರ ಇರುವಲ್ಲಿ ಮಣ್ಣು ಹೋಗುವುದೇ ಇಲ್ಲ, ಕಡಿಯಲೇ ಬೇಡಿ ಎನ್ನುವವರೂ ಇದ್ದಾರೆ, ನೀಲಗಿರಿಯೇ ಮಣ್ಣನ್ನು ತಿನ್ನುವ ಮರ, ಬೇರುಸಹಿತ ಕಿತ್ತುಹಾಕಿ ಎನ್ನುವವರೂ ಇದ್ದಾರೆ. ಅದೇ ಜೆಸಿಬಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ನಾಲ್ಕು ಉದ್ದನೆಯ ಟ್ರೆಂಚ್ ಹೊಡೆಸಿಬಿಡಿ ಎಂಬ ಸಲಹೆಯೂ ಬಂದಿದೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿರುವಂತೆ ಕಂಡರೂ ನಿಮ್ಮನ್ನು ಕಾಡುತ್ತಿರುವುದು ಒಂದೇ ಪ್ರಶ್ನೆ. ಮೂವತ್ತೈದು ವರ್ಷ ಮರ ನಿಂತಿದ್ದ ನೆಲದಲ್ಲೇ ಇಷ್ಟು ಮಣ್ಣು ಹೋಗಿದ್ದರೆ, ಮರ ಕಡಿದ ಮೇಲೆ ಏನು ಉಳಿದೀತು ಎಂಬುದು. ಮಣ್ಣು ಸಂರಕ್ಷಣೆಯ ಕೆಲಸದಲ್ಲಿ ನಾನು ನೋಡಿದ ತೋಪುಗಳಲ್ಲಿ ಬಹುಪಾಲು ಹಾನಿಯಾದದ್ದು ಮರ ಕಡಿದದ್ದರಿಂದಲ್ಲ; ಕಡಿದ ಮರವನ್ನು ಎಳೆದ ದಾರಿಯಿಂದ, ಗುಡಿಸಿದ ತರಗೆಲೆಯಿಂದ, ಹಚ್ಚಿದ ಬೆಂಕಿಯಿಂದ. ಆದ್ದರಿಂದ ಕಡಿಯಬೇಕೋ ಬೇಡವೋ ಎಂಬುದಕ್ಕಿಂತ ಹೇಗೆ ಕಡಿಯಬೇಕು ಎಂಬುದರ ಮೇಲೆ ನಿಮ್ಮ ಮಣ್ಣಿನ ಭವಿಷ್ಯ ನಿಂತಿದೆ.

ಮೊದಲು, ಮರವಿದ್ದರೆ ಮಣ್ಣು ಹೋಗುವುದಿಲ್ಲ ಎಂಬ ಮಾತನ್ನು ನೋಡೋಣ. ಇದು ಕಾಡಿನ ಮಟ್ಟಿಗೆ ನಿಜ, ತೋಪಿನ ಮಟ್ಟಿಗೆ ಅರ್ಧ ನಿಜ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ, ಆದರೆ ಮಣ್ಣಿನ ಕಡೆಯಿಂದ ನೋಡಿದರೆ ಅದು ಅಕ್ಷರಶಃ ಸತ್ಯ. ಎಲೆಗಳ ಮೇಲೆ ಬಿದ್ದ ಸಣ್ಣ ಹನಿಗಳು ಒಂದಾಗಿ, ಎಲೆಯ ತುದಿಯಿಂದ ಸುಮಾರು 5 ಮಿಲಿಮೀಟರ್ ದಪ್ಪದ ಹನಿಗಳಾಗಿ ಉದುರುತ್ತವೆ. ಬಯಲಿನ ಮಳೆಹನಿ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಇರುವುದಿಲ್ಲ. ಅಂಥ ದಪ್ಪ ಹನಿ ಎಂಟು ಮೀಟರ್ ಎತ್ತರದಿಂದ ಬಿದ್ದರೆ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಕೆಳಗೆ ತರಗೆಲೆ, ಹುಲ್ಲು, ಸಣ್ಣ ಗಿಡಗಳ ಹಾಸು ಇದ್ದರೆ ಆ ಪೆಟ್ಟನ್ನು ಅದು ತಡೆದುಕೊಳ್ಳುತ್ತದೆ. ಹಾಸು ಇಲ್ಲದೆ ನೆಲ ಬೋಳಾಗಿದ್ದರೆ, ಎತ್ತರದ ಮರದಡಿಯ ಮಣ್ಣಿಗೆ ಬೀಳುವ ಪೆಟ್ಟು ಬಯಲಿನ ಮಣ್ಣಿಗೆ ಬೀಳುವುದಕ್ಕಿಂತ ಹೆಚ್ಚೇ ಆಗಬಹುದು. ಅಂದರೆ ಮಣ್ಣನ್ನು ಕಾಯುವುದು ತಲೆಯ ಮೇಲಿನ ಕೊಡೆಗಿಂತ ಹೆಚ್ಚಾಗಿ ಕಾಲಡಿಯ ಚಾಪೆ.

ನಿಮ್ಮ ತೋಪಿನಲ್ಲಿ ಆ ಚಾಪೆ ಇದ್ದಿರಲಾರದು. ಒಲೆಗೆಂದು ತರಗು ಗುಡಿಸುವುದು, ಕುರಿ ಮೇಕೆ ಬಿಡುವುದು, ಫೆಬ್ರುವರಿ–ಮಾರ್ಚ್‌ನಲ್ಲಿ ಯಾರೋ ಎಸೆದ ಬೀಡಿಯಿಂದ ಬೆಂಕಿ ಬೀಳುವುದು, ಇವೆಲ್ಲ ನಮ್ಮ ಕಡೆಯ ತೋಪುಗಳ ಸಾಮಾನ್ಯ ಕಥೆ. ಅದರ ಜೊತೆಗೆ ನಿಮ್ಮ ಭಾಗದ ಕೆಂಪು ಮರಳುಮಿಶ್ರಿತ ಮಣ್ಣಿಗೆ ತನ್ನದೇ ಆದ ಒಂದು ದೌರ್ಬಲ್ಯವಿದೆ. ಹನಿಯ ಪೆಟ್ಟಿಗೆ ಅದರ ಹೆಂಟೆ ಒಡೆದು, ನುಣ್ಣನೆಯ ಕಣಗಳು ರಂಧ್ರಗಳನ್ನು ಮುಚ್ಚಿ, ಮೇಲೆ ಹಕ್ಕಳೆ ಕಟ್ಟುತ್ತದೆ. ಆಮೇಲೆ ಬಂದ ನೀರು ಇಂಗದೆ ಜಾರುತ್ತದೆ. ಬೆಂಗಳೂರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರ್‌ನ ಆಸುಪಾಸು, ಮಲೆನಾಡಿಗೆ ಹೋಲಿಸಿದರೆ ಅಲ್ಪವೇ. ಆದರೆ ಅದರಲ್ಲೊಂದು ಪಾಲು ಮೇ ತಿಂಗಳ ಗುಡುಗು ಮಳೆಗಳಾಗಿ, ಅರ್ಧ ಗಂಟೆಯಲ್ಲಿ ಸುರಿದು ಹೋಗುವಂಥದ್ದು. ನೆಲ ವರ್ಷದಲ್ಲೇ ಅತಿ ಬೋಳಾಗಿರುವುದೂ ಆಗಲೇ.

ಇನ್ನು ನೀಲಗಿರಿಯೇ ಮಣ್ಣನ್ನು ತಿನ್ನುತ್ತದೆ ಎಂಬ ಮಾತು. ಈ ಮರದ ಮೇಲೆ ಹೊರಿಸಿರುವ ಆರೋಪಗಳಲ್ಲಿ ನೀರಿನದು ಬಹುಮಟ್ಟಿಗೆ ನಿಜ. ಅದು ಆಳದ ತೇವವನ್ನು ಹೀರಿಕೊಂಡು ಬೆಳೆಯುತ್ತದೆ, ಕಡಿಮೆ ಮಳೆಯ ಪ್ರದೇಶದಲ್ಲಿ ಅಡಿಯ ಹುಲ್ಲು ಮತ್ತು ಗಿಡಗಳಿಗೆ ಉಳಿಸುವುದು ಸ್ವಲ್ಪ. ಆದರೆ ಅದು ಮಣ್ಣನ್ನು ತಿನ್ನುವುದಿಲ್ಲ. ಮಣ್ಣನ್ನು ಕಾಯಬೇಕಾದ ಹುಲ್ಲನ್ನು ಬೆಳೆಯಗೊಡುವುದಿಲ್ಲ, ಅಷ್ಟೆ. ಇದರ ಜೊತೆಗೆ ಇನ್ನೊಂದು ಗುಣವಿದೆ. ಅದರ ಎಲೆಯಲ್ಲಿರುವ ಮೇಣ ಮತ್ತು ಎಣ್ಣೆಯ ಅಂಶಗಳು ಒಣಗಿದ ಮಣ್ಣಿನ ಕಣಗಳಿಗೆ ಅಂಟಿಕೊಂಡು, ಬೇಸಿಗೆಯ ಕೊನೆಗೆ ಮೇಲ್ಮಣ್ಣು ನೀರನ್ನು ಒಲ್ಲದಂತಾಗುತ್ತದೆ. ಮೊದಲ ಮಳೆಯ ದಿನ ಒಂದು ಲೋಟ ನೀರನ್ನು ನಿಮ್ಮ ತೋಪಿನ ನೆಲದ ಮೇಲೆ ಸುರಿದು ನೋಡಿ. ಕೆಸುವಿನ ಎಲೆಯ ಮೇಲಿನಂತೆ ಅದು ಕ್ಷಣಕಾಲ ಗುಂಡಾಗಿ ನಿಂತರೆ ನಾನು ಹೇಳಿದ್ದು ಇದೇ. ಬೆಂಕಿ ಹಾಕಿದರೆ ಈ ಗುಣ ಇನ್ನಷ್ಟು ಹೆಚ್ಚುತ್ತದೆ.

ಎಷ್ಟು ಮಣ್ಣು ಹೋಗಿದೆ ಎಂದು ಲೆಕ್ಕ ಹಾಕಲು ನೀವೇ ಸೂತ್ರ ಕೊಟ್ಟಿದ್ದೀರಿ. ಮೂರು ಬೆರಳು ಎಂದರೆ ಸುಮಾರು 5 ಸೆಂಟಿಮೀಟರ್. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಮಣ್ಣು ಹೋದರೆ ಅದು 4 ಘನ ಮೀಟರ್, ತೂಕದಲ್ಲಿ ಸುಮಾರು 5 ಟನ್. 5 ಸೆಂಟಿಮೀಟರ್‌ಗೆ ಎಕರೆಗೆ 260 ಟನ್. ಮೂವತ್ತೈದು ವರ್ಷಕ್ಕೆ ಹಂಚಿದರೆ ಎಕರೆಗೆ ವರ್ಷಕ್ಕೆ ಏಳು ಟನ್ನಿನ ಮೇಲೆ, ಹೆಕ್ಟೇರಿಗೆ ಸುಮಾರು 18 ಟನ್. ಮಣ್ಣು ಸಂರಕ್ಷಣೆಯವರು ಬಹುಕಾಲದಿಂದ ಬಳಸುತ್ತಿರುವ ಸಹನೀಯ ಮಿತಿಯ ಮೇಲಂಚೇ ಹೆಕ್ಟೇರಿಗೆ ವರ್ಷಕ್ಕೆ 11 ಟನ್. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಪದೇ ಪದೇ ಕಡಿದ ನೀಲಗಿರಿಯ ಬೊಡ್ಡೆ ತಾನೇ ಊದಿಕೊಂಡು ಮೇಲೇಳುವುದರಿಂದ ಬೇರು ಕಂಡಷ್ಟೂ ಮಣ್ಣು ಹೋಗಿದೆ ಎಂದುಕೊಳ್ಳಬಾರದು. ನಾನಾಗಿದ್ದರೆ ಅರ್ಧಕ್ಕೆ ಇಳಿಸಿ ಹೇಳುತ್ತಿದ್ದೆ. ಅರ್ಧವೇ ಆದರೂ ಅದು ಸಣ್ಣ ನಷ್ಟವಲ್ಲ, ಏಕೆಂದರೆ ಹೋಗಿರುವುದು ಸತ್ವವಿದ್ದ ಮೇಲ್ಮಣ್ಣು, ಉಳಿದಿರುವುದು ನೊರಜುಗಲ್ಲು. ಆ ಲೆಕ್ಕದಲ್ಲಿ ಗಾಡಿದಾರಿಯ ಕೊರಕಲು ಸೇರಿಲ್ಲ ಎಂಬುದನ್ನೂ ಗಮನಿಸಿ.

ಆ ಗಾಡಿದಾರಿಯೇ ನಿಮ್ಮ ಮುಖ್ಯ ರೋಗ ಎಂದು ನನ್ನ ಅನುಮಾನ. ಹಲವು ದೇಶಗಳ ನೆಡುತೋಪುಗಳಲ್ಲಿ ಕಂಡುಬಂದಿರುವ ಸಂಗತಿ ಇದು: ಹೂಳಿನ ದೊಡ್ಡ ಪಾಲು ಬರುವುದು ಮರ ನಿಂತ ನೆಲದಿಂದಲ್ಲ, ದಿಮ್ಮಿ ಎಳೆದ ಜಾಡು, ಲಾರಿ ದಾರಿ ಮತ್ತು ದಿಮ್ಮಿ ಪೇರಿಸಿದ ಜಾಗಗಳಿಂದ. ಚಕ್ರದ ಭಾರಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಚಕ್ರದ ಎರಡು ಗುಳಿಗಳೂ ನೇರವಾಗಿ ಇಳಿಜಾರಿನಗುಂಟ ಇರುವುದರಿಂದ ಅಕ್ಕಪಕ್ಕದ ನೀರೆಲ್ಲ ಅದರೊಳಗೆ ಇಳಿದು, ಎರಡು ಕಾಲುವೆಗಳು ಒಂದಾಗಿ, ಒಂದು ದಿನ ಕೊರಕಲಾಗುತ್ತದೆ. ಐದು ಎಕರೆಯಲ್ಲಿ ಆ ದಾರಿ ಹತ್ತು ಗುಂಟೆಯೂ ಇರಲಿಕ್ಕಿಲ್ಲ, ಆದರೂ ಅಡಿಕೆ ತೋಟದವರ ಕಾಲುವೆಯಲ್ಲಿರುವ ನಿಮ್ಮ ಮಣ್ಣಿನ ಬಹುಭಾಗ ಅಲ್ಲಿಯದೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಆದ್ದರಿಂದ ಗುತ್ತಿಗೆದಾರರ ಜೊತೆ ಬೆಲೆಯ ಮಾತಾಡುವ ಮೊದಲು ದಾರಿಯ ಮಾತಾಡಿ. ಹಳೆಯ ದಾರಿಯನ್ನು ಕೈಬಿಟ್ಟು, ಇಳಿಜಾರಿಗೆ ಓರೆಯಾಗಿ, ಸಾಧ್ಯವಾದಷ್ಟು ಸಮಪಾತಳಿಯ (ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಗೆರೆಯ) ಹತ್ತಿರದಲ್ಲಿ ಒಂದೇ ಒಂದು ದಾರಿ ಇರಲಿ, ಲಾರಿ ಮೇಲಿನ ರಸ್ತೆಯಲ್ಲೇ ನಿಲ್ಲಲಿ, ದಿಮ್ಮಿಗಳನ್ನು ಆಳುಗಳು ಹೊತ್ತು ಮೇಲಕ್ಕೆ ಸಾಗಿಸಲಿ. ಕೂಲಿ ಹೆಚ್ಚಾಗುತ್ತದೆ ಎಂದು ಅವರು ಬೆಲೆ ಇಳಿಸುತ್ತಾರೆ, ಇಳಿಸಲಿ. ಕೆಲಸ ಮುಗಿದ ವಾರದೊಳಗೇ ಆ ದಾರಿಗೆ ಅಡ್ಡದಿಣ್ಣೆಗಳನ್ನು ಹಾಕಿಸಬೇಕು. ಮಾರಾಟವಾಗದ ಸಣ್ಣ ದಿಮ್ಮಿಯನ್ನು ದಾರಿಗೆ ಓರೆಯಾಗಿ ಅರ್ಧ ಹೂತು, ಮೇಲೆ ಮಣ್ಣು ಏರಿಸಿ ದಮ್ಮಸು ಮಾಡಿದರೆ ಅಡ್ಡದಿಣ್ಣೆಯಾಯಿತು. ನೂರು ಅಡಿಗೆ ಹತ್ತು ಅಡಿ ಇಳಿಯುವ ನೆಲದಲ್ಲಿ ಸುಮಾರು 25 ಮೀಟರ್‌ಗೊಂದು, ಐದು ಅಡಿ ಇಳಿಯುವಲ್ಲಿ 40 ಮೀಟರ್‌ಗೊಂದು ಸಾಕು. ಅದು ತಿರುಗಿಸಿದ ನೀರು ತರಗು ಅಥವಾ ಹುಲ್ಲಿನ ಮೇಲೆ ಹರಡಿಕೊಳ್ಳುವಂತಿರಬೇಕೇ ಹೊರತು ನೆರೆಯವರ ಬೇಲಿಗೆ ನುಗ್ಗಬಾರದು.

ಆಗಲೇ ಆಗಿರುವ ಕೊರಕಲಿಗೆ ಕಲ್ಲಿನ ತಡೆ ಬೇಕು, ಅದನ್ನು ಮೇಲಿನಿಂದ ಕಟ್ಟುತ್ತ ಬರಬೇಕು. ಹೆಚ್ಚಿನವರು ಕೆಳಗೆ, ಮಣ್ಣು ಕಾಣುವ ಜಾಗದಲ್ಲಿ ದೊಡ್ಡದೊಂದು ಗೋಡೆ ಕಟ್ಟಿ, ಅದು ಒಂದೇ ಮಳೆಗೆ ತುಂಬಿದಾಗ ಕೈಚೆಲ್ಲುತ್ತಾರೆ. ಮೊಣಕಾಲೆತ್ತರದ ಸಣ್ಣ ತಡೆಗಳು, ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವ ಅಂತರದಲ್ಲಿದ್ದರೆ, ಅದೇ ಕೊರಕಲು ಮೆಟ್ಟಿಲಾಗುತ್ತದೆ. ಪ್ರತಿ ತಡೆಯ ನಡುಭಾಗ ಅಂಚಿಗಿಂತ ಒಂದು ಗೇಣು ತಗ್ಗಾಗಿರಬೇಕು ಮತ್ತು ಕಲ್ಲುಗಳು ಎರಡೂ ದಂಡೆಯೊಳಗೆ ಹೊಕ್ಕಿರಬೇಕು. ಇಲ್ಲದಿದ್ದರೆ ನೀರು ಪಕ್ಕದಿಂದ ಕೊರೆದು ಹೋಗಿ ಒಂದು ಕೊರಕಲು ಎರಡಾಗುತ್ತದೆ. ಬೆಂಗಳೂರಿನಿಂದ ಟಿಪ್ಪರ್‌ಗಳಲ್ಲಿ ಬಿಟ್ಟಿಯಾಗಿ ತಂದು ಸುರಿಯುವ ಕಟ್ಟಡದ ಅವಶೇಷಗಳಿಂದ ಕೊರಕಲು ತುಂಬಿಸುವ ಆಸೆ ಮಾತ್ರ ಬೇಡ. ನೀರು ಅದರ ಸಂದಿನಲ್ಲಿ ನುಸುಳಿ ಅಡಿಯ ಮಣ್ಣನ್ನು ಒಯ್ಯುತ್ತದೆ, ಗಾಜು ಪ್ಲಾಸ್ಟಿಕ್ ನಿಮಗೆ ಉಳಿಯುತ್ತದೆ.

ಈಗ ಬೊಡ್ಡೆಯ ವಿಷಯ. ಎರಡು ಮೀಟರ್ ಅಂತರದ ನೆಡುವಿಕೆಯಾಗಿದ್ದರೆ ಎಕರೆಗೆ ಸುಮಾರು ಸಾವಿರ ಬೊಡ್ಡೆಗಳಿರುತ್ತವೆ. ಒಂದೊಂದನ್ನು ಕೀಳುವಾಗ ಕಾಲು ಘನ ಮೀಟರ್ ಮಣ್ಣು ಸಡಿಲವಾಗುತ್ತದೆ ಎಂದಿಟ್ಟುಕೊಂಡರೂ ಎಕರೆಗೆ 250 ಘನ ಮೀಟರ್ ಸಡಿಲ ಮಣ್ಣು ಮೇ ಮಳೆಯನ್ನು ಕಾಯುತ್ತ ಇಳಿಜಾರಿನ ಮೇಲೆ ಬಿದ್ದಿರುತ್ತದೆ. ಮೂವತ್ತೈದು ವರ್ಷದಲ್ಲಿ ಹೋಗಿರುವುದಾಗಿ ಮೇಲೆ ಹಾಕಿದ ಲೆಕ್ಕ ಎಕರೆಗೆ 200 ಘನ ಮೀಟರ್. ಸಡಿಲವಾದದ್ದೆಲ್ಲ ಕೊಚ್ಚಿಹೋಗುವುದಿಲ್ಲ, ನಿಜ. ಆದರೆ ಏಪ್ರಿಲ್ ಕೊನೆಯಲ್ಲಿ ಈ ಕೆಲಸ ಮಾಡಿಸುವುದೆಂದರೆ ಮಳೆಗೆ ತಾರೀಕು ಕೊಟ್ಟು ಕರೆದಂತೆ. ಸಮತಟ್ಟಾದ ನೆಲದಲ್ಲಿ ರಾಗಿ, ಹುರುಳಿ ಬಿತ್ತಲೆಂದು ಬೊಡ್ಡೆ ಕೀಳಿಸುವುದಕ್ಕೆ ನನ್ನ ವಿರೋಧವಿಲ್ಲ. ನಿಮ್ಮ ಜಮೀನಿನ ಮೇಲಿನ ತಟ್ಟು ಚಪ್ಪಟೆಯಾಗಿದ್ದರೆ ಅಲ್ಲಿ ಮಾತ್ರ, ಡಿಸೆಂಬರ್–ಜನವರಿಯಲ್ಲಿ ಕೀಳಿಸಿ, ಗುಂಡಿ ಮುಚ್ಚಿಸಿ. ಇಳಿಜಾರಿನಲ್ಲಿ ಬೇಡ.

ಕೀಳದೆ ಬಿಟ್ಟರೆ ಬೊಡ್ಡೆ ಚಿಗುರುತ್ತದೆ, ಹೊಸ ಗಿಡಗಳ ನೀರನ್ನು ಕಸಿಯುತ್ತದೆ ಎಂಬ ಆತಂಕ ಸರಿಯಾದದ್ದೇ. ನೆಲಕ್ಕೆ ತಾಗುವಂತೆ ಕಡಿಸಿ, ಚಿಗುರು ಮೊಳಕೈ ಎತ್ತರ ಬಂದಾಗಲೆಲ್ಲ ಬುಡದಿಂದ ಮುರಿಸುತ್ತಿದ್ದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ಮುಗಿದು ಎರಡು ಮೂರು ವರ್ಷದಲ್ಲಿ ಬೊಡ್ಡೆ ಸಾಯುತ್ತದೆ. ಆಳುಗಳ ಖರ್ಚು ಮತ್ತು ತಾಳ್ಮೆ ಎರಡೂ ಬೇಕು. ಒಂದು ವರ್ಷ ಮರೆತರೆ ಮೊದಲಿನಿಂದ ಶುರು. ಕಡಿದ ಕೂಡಲೇ ಬೊಡ್ಡೆಗೆ ಕಳೆನಾಶಕ ಹಚ್ಚುವವರಿದ್ದಾರೆ. ಅದು ಬೇಗ ಫಲ ಕೊಡುತ್ತದೆ, ಆದರೆ ಕೆಳಗೆ ಬೇರೆಯವರ ತೋಟ ಮತ್ತು ಬಾವಿ ಇರುವಾಗ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಸತ್ತ ಬೇರುಗಳು ಕೊಳೆಯಲು ಕೆಲವು ವರ್ಷ ಹಿಡಿಯುವುದರಿಂದ ಅಲ್ಲಿಯವರೆಗೆ ಅವು ಮಣ್ಣನ್ನು ಹಿಡಿದಿರುತ್ತವೆ, ಕೊಳೆತ ಮೇಲೆ ನೀರು ಇಳಿಯುವ ನಾಳಗಳಾಗುತ್ತವೆ. ಕಡಿದಾದ ಬೆಟ್ಟಗಳಲ್ಲಿ ಹೀಗೆ ಬೇರು ಕೊಳೆಯುವ ವರ್ಷಗಳೇ ಗುಡ್ಡ ಜಾರುವ ಅಪಾಯದ ವರ್ಷಗಳು. ನಿಮ್ಮದು ತೆಳುಮಣ್ಣಿನ, ಸಾಧಾರಣ ಇಳಿಜಾರಿನ ನೆಲವಾದ್ದರಿಂದ ಆ ಭಯವಿಲ್ಲ.

ಸೊಪ್ಪುಸದೆಗೆ ಬೆಂಕಿ ಕೊಡಬೇಡಿ. ನಿಮ್ಮ ಮೂವತ್ತೈದು ವರ್ಷದ ನಷ್ಟದಲ್ಲಿ ವಾಪಸ್ಸು ಸಿಗುವ ಅಲ್ಪಸ್ವಲ್ಪ ಅದೇ. ಸುಟ್ಟರೆ ಬೂದಿ ಮೊದಲ ಮಳೆಗೆ ಅಡಿಕೆ ತೋಟಕ್ಕೆ ಹೋಗುತ್ತದೆ, ಅವರು ಅದಕ್ಕೂ ಧನ್ಯವಾದ ಹೇಳುವುದಿಲ್ಲ. ರೆಂಬೆ, ತೊಗಟೆ, ಎಲೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ಬೊಡ್ಡೆಗಳಿಗೆ ಆನಿಸಿ, ನೆಲಕ್ಕೆ ಒತ್ತಿಕೊಂಡಿರುವಂತೆ ಸಾಲುಸಾಲಾಗಿ ಹಾಸಿಸಬೇಕು. ಎತ್ತರ ಪೇರಿಸಿದರೆ ಅಡಿಯಿಂದ ನೀರು ನುಸುಳುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಅಪಾಯ ಇದ್ದೇ ಇರುವುದರಿಂದ ಸಾಲುಗಳ ನಡುನಡುವೆ ಮೂರು ಮೀಟರ್ ಖಾಲಿ ಬಿಟ್ಟು, ಗಡಿಯಗುಂಟ ಒಂದು ಬೆಂಕಿರೇಖೆ ಸವರಿಸಿ.

ಟ್ರೆಂಚ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳಬೇಕಾಗುತ್ತದೆ. ಮೇಲಿನಿಂದ ಕೆಳಕ್ಕೆ ತೋಡಿದ ಟ್ರೆಂಚ್ ಟ್ರೆಂಚಲ್ಲ, ದುಡ್ಡು ಕೊಟ್ಟು ತೋಡಿಸಿದ ಕೊರಕಲು. ಅಡ್ಡಲಾಗಿ ತೋಡಿದರೂ, ಕಣ್ಣಳತೆಯಲ್ಲಿ ಜೆಸಿಬಿ ಎಳೆದ ನೂರು ಮೀಟರ್ ಉದ್ದದ ಟ್ರೆಂಚ್ ಎಲ್ಲಿಯೋ ಒಂದು ಕಡೆ ತಗ್ಗಾಗಿರುತ್ತದೆ. ನೂರು ಮೀಟರಿನ ನೀರೆಲ್ಲ ಅಲ್ಲಿ ಸೇರಿ, ದಂಡೆ ಒಡೆದು, ಅದುವರೆಗೆ ಇಲ್ಲದಿದ್ದ ಜಾಗದಲ್ಲಿ ಹೊಸ ಹಳ್ಳ ತೆರೆಯುತ್ತದೆ. ನಿಮಗೆ ಬೇಕಾದದ್ದು ನಾಲ್ಕು ಮೀಟರ್ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಬಿಡಿ ಗುಂಡಿಗಳು, ಒಂದು ಸಾಲಿನ ಗುಂಡಿ ಮುಂದಿನ ಸಾಲಿನ ಖಾಲಿ ಜಾಗಕ್ಕೆ ಎದುರಾಗುವಂತೆ, ಸಾಲಿನಿಂದ ಸಾಲಿಗೆ ಹತ್ತು ಮೀಟರ್. ಮಟ್ಟ ನೋಡಲು ದೊಡ್ಡ ಯಂತ್ರ ಬೇಡ. ಗಾರೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಟ್ಯೂಬ್ ಮತ್ತು ಇಬ್ಬರು ಆಳುಗಳು ಸಾಕು. ಇಂಥ ಒಂದು ಗುಂಡಿ ಸುಮಾರು 800 ಲೀಟರ್ ಹಿಡಿಯುತ್ತದೆ. 50 ಮಿಲಿಮೀಟರ್ ಮಳೆಯಲ್ಲಿ ಮೂರರಲ್ಲೊಂದು ಪಾಲು ಹರಿದು ಬಂದರೆ, ಗುಂಡಿಯ ನೇರ ಮೇಲಿನ ನಲವತ್ತು ಚದರ ಮೀಟರಿನಿಂದ ಬರುವುದು 660 ಲೀಟರ್. ಅದಕ್ಕಿಂತ ಜೋರಾದ ಮಳೆಗೆ ಗುಂಡಿ ಉಕ್ಕಲೇಬೇಕು, ಬಿಡಿಬಿಡಿಯಾಗಿದ್ದರೆ ಉಕ್ಕಿದ್ದು ಹರಡಿಕೊಂಡು ಹೋಗುತ್ತದೆ. ಮಣ್ಣನ್ನು ಕೆಳಬದಿಗೆ ಏರಿಯಾಗಿ ಹಾಕಿ, ಹೊಸ ಗಿಡವನ್ನು ಆ ಏರಿಯ ಮಗ್ಗುಲಲ್ಲಿ ನೆಡಿಸಿ. ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸದಿದ್ದರೆ ಗುಂಡಿ ಹೆಸರಿಗೆ ಮಾತ್ರ ಉಳಿಯುತ್ತದೆ.

ಇದನ್ನು ಓದುತ್ತಿರುವ ಕೊಡಗು, ಮಲೆನಾಡಿನ ಓದುಗರು ಈ ಮಾತನ್ನು ತಮ್ಮ ಬೆಟ್ಟಕ್ಕೆ ಅನ್ವಯಿಸಿಕೊಳ್ಳಬಾರದು. ಆಳವಾದ ಮಣ್ಣಿನ, ಕಡಿದಾದ, ಅತಿ ಮಳೆಯ ಇಳಿಜಾರಿನಲ್ಲಿ ಇಂಗಿಸಿದ ನೀರೇ ಗುಡ್ಡವನ್ನು ಭಾರ ಮಾಡಿ ಜಾರಿಸಬಹುದು. 2018ರಲ್ಲೂ 2020ರಲ್ಲೂ ಕೊಡಗಿನ ಭೂಕುಸಿತಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿ ನೀರನ್ನು ನಿಧಾನವಾಗಿ ಹೊರಗೆ ಸಾಗಿಸುವುದೇ ಜಾಣತನ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ತೂಗಿ ನೋಡಬಹುದು. ಏನೂ ಮಾಡದೆ ಇನ್ನೊಂದು ಸುತ್ತು ಚಿಗುರು ಬೆಳೆಯಲು ಬಿಡುವುದು ಸುಲಭವಾಗಿ ಕಂಡರೂ ಕೊರಕಲು ಮೇಲಕ್ಕೆ ತಿನ್ನುತ್ತ ಹೋಗುತ್ತದೆ, ಇಳುವರಿಯೂ ಇಳಿಯುತ್ತದೆ. ಒಂದೇ ಸಲ ಎಲ್ಲವನ್ನೂ ಕಡಿದು ಕಿತ್ತರೆ ಕೈಗೆ ಹೆಚ್ಚು ಹಣ ಬರುತ್ತದೆ, ಆದರೆ ಎರಡು ಮಳೆಗಾಲ ನೆಲ ಬೋಳಾಗಿರುತ್ತದೆ. ನಾನು ಹೇಳುವುದು ಮೂರನೆಯದನ್ನು. ಜಮೀನನ್ನು ಸಮಪಾತಳಿಗೆ ಹೊಂದುವ ನಾಲ್ಕು ಪಟ್ಟಿಗಳಾಗಿ ಗುರುತಿಸಿ, ಒಂದು ಬಿಟ್ಟು ಒಂದರಂತೆ ಎರಡು ಪಟ್ಟಿಗಳನ್ನು ಈ ಚಳಿಗಾಲದಲ್ಲಿ ಕಡಿಸಿ, ಅಲ್ಲಿ ಹಾಸು ಕೂತ ಮೇಲೆ, ಎರಡು ವರ್ಷದ ನಂತರ ಉಳಿದವನ್ನು ಕಡಿಸಿ. ತೊಂದರೆಯೂ ಇದೆ: ಸಣ್ಣ ಲೋಡಿಗೆ ಗುತ್ತಿಗೆದಾರರು ಸುಲಭವಾಗಿ ಒಪ್ಪುವುದಿಲ್ಲ, ನಿಂತ ನೀಲಗಿರಿಯ ಪಕ್ಕದ ಹೊಸ ಗಿಡಗಳು ಮೊದಲೆರಡು ವರ್ಷ ಸೊರಗುತ್ತವೆ. ಮಣ್ಣಿನ ದೃಷ್ಟಿಯಿಂದ ಈ ನಷ್ಟ ಸಹಿಸಬಹುದಾದದ್ದು.

ಕಾನೂನಿನ ಮಾತು ಚಿಕ್ಕದು. ನೀಲಗಿರಿ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಪೂರ್ವಾನುಮತಿ ಬೇಕಿಲ್ಲ, ಆದರೆ ತೋಪಿನ ನಡುವೆ ತಾನಾಗಿ ಹುಟ್ಟಿ ಬೆಳೆದ ಹೊನ್ನೆ, ಬೇವಿನಂಥ ಮರಗಳಿದ್ದರೆ ಅವುಗಳನ್ನು ಮುಟ್ಟುವ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ.

ಮುಂದೆ ಏನು ನೆಡಬೇಕೆಂದು ನೀವು ಕೇಳಿಲ್ಲ, ಆದರೂ ಕೇಳುವವರಿದ್ದೀರಿ. ಈಗ ಎಲ್ಲರೂ ಹೆಬ್ಬೇವು ಎನ್ನುತ್ತಾರೆ. ಸಾಲಾಗಿ ಹೆಬ್ಬೇವು ಹಾಕಿ, ಅಡಿಯನ್ನು ಉತ್ತು ಚೊಕ್ಕಟವಾಗಿಟ್ಟರೆ ಮರದ ಹೆಸರು ಬದಲಾಗುತ್ತದೆ, ಮಣ್ಣಿನ ಕಥೆ ಅದೇ. ಮರಕ್ಕಿಂತ ಮೊದಲು ನೆಲದ ಹಾಸಿನ ಯೋಚನೆ ಮಾಡಿ: ಮೊದಲ ಮಳೆಗೆ ಅಲಸಂದೆ, ಆಗಸ್ಟ್ ಕೊನೆಗೆ ಹುರುಳಿ ಚೆಲ್ಲಿಸಿ, ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಅಲ್ಲೇ ಬಿಡಿ. ಪಟ್ಟಿಗಳ ಅಂಚಿನಲ್ಲಿ ಲಾವಂಚದ ಬುಡಗಳನ್ನು ಒಂದು ಗೇಣಿಗಿಂತ ಹತ್ತಿರವಾಗಿ ನೆಡಿಸಿ. ಗುಂಡ್ಲುಪೇಟೆ ಕಡೆಯ ರೈತರು ಬದುಗಳ ಮೇಲೆ ತಲೆಮಾರುಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಸಾಲು ಕೂಡಿಕೊಂಡು ಮಣ್ಣು ಹಿಡಿಯಲು ಎರಡು ಮಳೆಗಾಲ ಬೇಕು, ಅಲ್ಲಿಯವರೆಗೆ ಮೇಕೆ ಬಾರದಂತೆ ನೋಡಿಕೊಳ್ಳಬೇಕು. ಹೊಂಗೆ, ಹಿಪ್ಪೆ, ನೇರಳೆ, ಹುಣಸೆ, ಕಲ್ಲುನೆಲದ ಕಡೆ ಸೀತಾಫಲ, ಹೀಗೆ ಬೇರೆ ಬೇರೆ ಎತ್ತರದ ಮರಗಳನ್ನು ಬೆರೆಸಿ. ನೀವು ವಿಜಯನಗರದಲ್ಲಿದ್ದುಕೊಂಡು ಶ್ರೀಗಂಧ ಬೆಳೆಸುವುದನ್ನು ನಾನು ಹೇಳುವುದಿಲ್ಲ. ಅದರ ಕಾವಲಿನ ಚಿಂತೆ ಮಣ್ಣಿನ ಚಿಂತೆಗಿಂತ ದೊಡ್ಡದು. ಮಣ್ಣಿನ ಆಳ ಮತ್ತು ಗುಣ ತಿಳಿಯಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದವರನ್ನು, ಮರದ ತಳಿಗಳ ಬಗ್ಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರನ್ನು ಕೇಳಬಹುದು.

ಅಡಿಕೆ ತೋಟದವರ ಜೊತೆಗಿನ ಮನಸ್ತಾಪಕ್ಕೂ ಒಂದು ಮಾತು. ಅವರ ಕಾಲುವೆಯಲ್ಲಿ ಕೂತಿರುವುದು ನಿಮ್ಮ ಮೇಲ್ಮಣ್ಣು. ಅದನ್ನು ತೆಗೆಸುವ ಖರ್ಚನ್ನು ಹಂಚಿಕೊಂಡು, ಮಣ್ಣನ್ನು ಎರಡು ಟ್ರ್ಯಾಕ್ಟರ್ ಲೋಡಾದರೂ ವಾಪಸ್ಸು ತಂದು ನೆಡುಗುಂಡಿಗಳಿಗೆ ಹಾಕಿಸಿ. ಅಲ್ಲಿ ನಿಲ್ಲದೆ ಹೋದದ್ದು ನಿಮ್ಮ ಕಡೆಯ ಹಳ್ಳಗಳ ಮೂಲಕ ಕುಮುದ್ವತಿ ನದಿಯನ್ನು ಸೇರಿ, 1933ರಿಂದ ನಿಂತಿರುವ ತಿಪ್ಪಗೊಂಡನಹಳ್ಳಿ ಜಲಾಶಯದ ಕಡೆಗೆ ಸಾಗುತ್ತದೆ, ಅದನ್ನು ಯಾರೂ ಹಿಂದಕ್ಕೆ ತರಲಾರರು.

ಕಡಿಯುವ ಕೆಲಸ ಶುರುವಾಗುವ ಮೊದಲು ಎರಡು ಅಡಿ ಉದ್ದದ ಹತ್ತು ಕಬ್ಬಿಣದ ಸರಳುಗಳನ್ನು ಬೇರೆ ಬೇರೆ ಕಡೆ, ಬೊಡ್ಡೆಗಳಿಂದ ದೂರ, ನಾಲ್ಕು ಬೆರಳು ಮೇಲೆ ಉಳಿಯುವಂತೆ ಹೊಡೆಸಿ, ಪ್ರತಿಯೊಂದರ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡಿ. ನವೆಂಬರ್‌ನಲ್ಲಿ ಮತ್ತೆ ಅಳೆಯಿರಿ. ಒಂದು ಮಿಲಿಮೀಟರ್ ಹೆಚ್ಚು ಕಂಡರೆ ಎಕರೆಗೆ 5 ಟನ್ ಎಂದು ನಿಮಗೀಗ ಗೊತ್ತು. ಆ ಅಂಕಿಗಳನ್ನು ಕಳಿಸಿಕೊಟ್ಟರೆ, ಉಳಿದ ಎರಡು ಪಟ್ಟಿಗಳನ್ನು ಯಾವಾಗ ಕಡಿಸಬೇಕೆಂದು ಹೇಳಲು ನನಗೆ ಸುಲಭವಾಗುತ್ತದೆ.